ತಾಯಿ ಎಲ್ಲಿ ಅಂತ ಕೇಳಿ

ನಮ್ಮ ಆಡುಮಾತಿನಲ್ಲಿ ನಾಯಿಗಳದು ಎರಡೇ ಪಂಗಡ. ಒಂದು ಜಾತಿನಾಯಿ, ಇನ್ನೊಂದು ಕಂತ್ರಿನಾಯಿ. ಇಂಗ್ಲಿಷಿನ ‘ಕಂಟ್ರಿ’ಯೇ ನಮ್ಮ ನಾಲಿಗೆಯಲ್ಲಿ ಕಂತ್ರಿಯಾಯಿತು ಅನ್ನುತ್ತಾರೆ. ಈ ನಾಡಿನದು ಎಂದಷ್ಟೇ ಹೇಳುತ್ತಿದ್ದ ಮಾತು ಬೈಗುಳವಾಗಿ ಕೂತುಬಿಟ್ಟಿತು. ಈಗ ಇವೆರಡರ ನಡುವೆ ಮೂರನೆಯದೊಂದು ಬಂದಿದೆ, ಕ್ರಾಸ್. ಜಯನಗರದಲ್ಲಿ ಕ್ರಾಸ್ ಅಂದರೆ ಮೊದಲು ವಿಳಾಸ ನೆನಪಾಗುತ್ತಿತ್ತು: ಇಷ್ಟನೇ ಮೈನ್, ಇಷ್ಟನೇ ಕ್ರಾಸ್. ಈಗ ಅದೇ ಕ್ರಾಸಿನ ಮನೆಗಳಲ್ಲಿ ಲ್ಯಾಬ್ ಕ್ರಾಸ್, ಶಿಟ್ಜು ಕ್ರಾಸ್, ಪಮ್ ಕ್ರಾಸ್ ಮರಿಗಳು ಹುಟ್ಟುತ್ತವೆ. ಫೋಟೊ ಮೊಬೈಲಿಗೆ ಬರುತ್ತದೆ, ಮಕ್ಕಳು ಹಟ ಹಿಡಿಯುತ್ತಾರೆ, ಭಾನುವಾರ ಬೆಳಿಗ್ಗೆ ಕಾರು ಹೊರಡುತ್ತದೆ.

ನಮ್ಮ ಮನೆಗೂ ಒಮ್ಮೆ ಹಾಗೇ ಒಂದು ಬಂತು. ‘ಪಮ್ ಕ್ರಾಸ್ ಸಾರ್, ತೊಡೆ ಮೇಲೆ ಕೂರೋವಷ್ಟೇ ಬೆಳೆಯುತ್ತೆ’ ಅಂತ ಹೇಳಿ ಕೊಟ್ಟರು. ವರ್ಷ ತುಂಬುವ ಹೊತ್ತಿಗೆ ಅದು 22 ಕೆ.ಜಿ. ತೂಗುತ್ತಿತ್ತು, ಕಾಂಪೌಂಡು ಹಾರಿ ಎದುರುಮನೆಯವರ ತುಳಸಿಕಟ್ಟೆಯ ಪಕ್ಕ ಮಲಗುತ್ತಿತ್ತು. ಒಳ್ಳೇ ನಾಯಿ, 13 ವರ್ಷ ಬದುಕಿತು. ಆದರೆ ಅದರ ತಾಯಿಯನ್ನು ನಾವು ನೋಡಿರಲಿಲ್ಲ. ನೋಡಿದ್ದರೆ ‘ಪಮ್’ ಎಂಬ ಎರಡಕ್ಷರಕ್ಕೆ ಕೊಟ್ಟ ದುಡ್ಡು ಉಳಿಯುತ್ತಿತ್ತು.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಹೆಣ್ಣು ನೋಡಲು ಹೋಗುವವರಿಗೆ ಹಿರಿಯರು ಹೇಳುತ್ತಿದ್ದ ಮಾತು. ಈ ಕಾಲದ ಹುಡುಗಿಯರಿಗೆ ಅದನ್ನು ಅನ್ವಯಿಸಿದರೆ ಬೈಸಿಕೊಳ್ಳುತ್ತೀರಿ. ಕ್ರಾಸ್ ಮರಿಯ ವಿಚಾರದಲ್ಲಿ ಮಾತ್ರ ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಗೊತ್ತಿಲ್ಲ.

ಹೆಸರಿಗೆ ಬೆಲೆ ಕಟ್ಟಬೇಡಿ

ಮರಿಗೆ ಅರ್ಧ ಗುಣ ತಾಯಿಯದು, ಅರ್ಧ ತಂದೆಯದು. ಇಷ್ಟು ಎಲ್ಲರಿಗೂ ಗೊತ್ತು. ಯಾವ ಅರ್ಧ ಬರುತ್ತದೆ ಎನ್ನುವುದು ಮಾತ್ರ ಮರಿಮರಿಗೂ ಬೇರೆ. ತಂದೆ ತಾಯಿಯಲ್ಲಿ ಒಬ್ಬರು ಆಗಲೇ ಕ್ರಾಸ್ ಆಗಿದ್ದರಂತೂ ಒಂದೇ ಸೂಲಿನ ಆರು ಮರಿ ಆರು ಥರ ಇರಬಹುದು. ಹೆಣ್ಣುನಾಯಿ ಬೆದೆಗೆ ಬಂದ ದಿನಗಳಲ್ಲಿ ಎರಡು ಗಂಡುನಾಯಿಗಳ ಜೊತೆ ಕೂಡಿದರೆ ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳೂ ಹುಟ್ಟುತ್ತವೆ. ಹಾಗಾಗಿ ‘ತಂದೆ ಪ್ಯೂರ್ ಲ್ಯಾಬ್’ ಅನ್ನುವ ಮಾತನ್ನು ಮಾರುವವರು ನಂಬಿಯೇ ಹೇಳಿದರೂ ಅದು ಸುಳ್ಳಾಗಿರಬಹುದು. ಕಣ್ಣಾರೆ ಖಚಿತವಾಗಿ ನೋಡಬಹುದಾದದ್ದು ತಾಯಿಯನ್ನೇ.

ಅಂದಹಾಗೆ, ನಮ್ಮ ಬಡಾವಣೆಗಳಲ್ಲಿ ತಲೆಮಾರುಗಳಿಂದ ‘ಪಮ್’ ಅಂತ ಸಾಕಿದ ಬಿಳಿ ಕೂದಲಿನ ಬಹುಪಾಲು ನಾಯಿಗಳು ಪೊಮೇರಿಯನ್ನೇ ಅಲ್ಲ, ಇಂಡಿಯನ್ ಸ್ಪಿಟ್ಜ್ ತಳಿಯವು. ಅವುಗಳ ಕ್ರಾಸನ್ನು ಪಮ್ ಕ್ರಾಸ್ ಅನ್ನುವುದು ಎರಡು ಸಲ ತಪ್ಪಿದ ವಿಳಾಸದ ಹಾಗೆ.

ಕ್ರಾಸ್ ನಾಯಿಗೆ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆಯೂ ಅರ್ಧ ಸತ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ತಮ್ಮ ಆಸ್ಪತ್ರೆಯ ದಾಖಲೆಗಳನ್ನು ಜಾಲಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಂಶದಿಂದ ಬರುವ 24 ತೊಂದರೆಗಳನ್ನು ಅವರು ಹೋಲಿಸಿದರು. ಅದರಲ್ಲಿ 10 ತೊಂದರೆಗಳು ಶುದ್ಧ ತಳಿಯಲ್ಲಿ ಹೆಚ್ಚಿದ್ದವು, 13ರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಮೊಣಕಾಲಿನ ಅಸ್ಥಿರಜ್ಜು ಹರಿಯುವ ಒಂದು ತೊಂದರೆ ಮಿಶ್ರತಳಿಗಳಲ್ಲೇ ಜಾಸ್ತಿ ಇತ್ತು. ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಹೈಬ್ರಿಡ್ ಜೋಳ ಬಿತ್ತಿದವರು ಮುಂದಿನ ವರ್ಷಕ್ಕೆ ಅದರ ಬೀಜ ಉಳಿಸಿಕೊಳ್ಳುವುದಿಲ್ಲ. ಮೊದಲ ತಲೆಮಾರಿನ ಕಸುವು ಎರಡನೆಯದರಲ್ಲಿ ಚದುರಿಹೋಗುತ್ತದೆ. ಸೊಂಟದ ಕೀಲು ಸವೆದ ಲ್ಯಾಬಿಗೂ ಸೊಂಟದ ಕೀಲು ಸವೆದ ಜರ್ಮನ್ ಷೆಫರ್ಡ್‌ಗೂ ಹುಟ್ಟಿದ ಮರಿ ಹೆಸರಿಗೆ ಕ್ರಾಸ್ ಆದರೂ ಕಾಯಿಲೆಯ ಮಟ್ಟಿಗೆ ಎರಡು ಕಡೆಯಿಂದಲೂ ವಾರಸುದಾರ.

‘ಕೂದಲು ಉದುರಲ್ಲ, ಅಲರ್ಜಿ ಆಗಲ್ಲ’ ಅಂತ ಪೂಡಲ್ ಕ್ರಾಸುಗಳನ್ನು ಹೊಗಳುವವರು ಉಂಟು. ಈ ಮಾತಿನ ಮೂಲ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿನ ಅಂಧರ ಮಾರ್ಗದರ್ಶಿ ನಾಯಿ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರನ್ನು ಪೂಡಲ್ ಜೊತೆ ಕೂಡಿಸಿದರು. ಹವಾಯಿಯಲ್ಲಿದ್ದ ದೃಷ್ಟಿಯಿಲ್ಲದ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿಯ ಅಲರ್ಜಿ ಇತ್ತು. ಹುಟ್ಟಿದ್ದು ಮೂರು ಮರಿ. ಅವುಗಳ ಕೂದಲು, ಜೊಲ್ಲಿನ ಮಾದರಿ ಕಳಿಸಿ ನೋಡಿದಾಗ ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ. ಮುಂದೆ ಲ್ಯಾಬ್ರಡೂಡಲ್ ಹುಚ್ಚು ಜಗತ್ತಿಗೆಲ್ಲ ಹರಡಿದ್ದನ್ನು ಕಂಡು, ಹೀಗೆ ಮಾಡಬಾರದಿತ್ತು ಅಂತ ಕಾನ್ರನ್ ಅವರೇ ಬಹಿರಂಗವಾಗಿ ಹೇಳಿಕೊಂಡರು. ನಾಯಿಯ ಅಲರ್ಜಿ ಬರುವುದು ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದ. ಅವಿಲ್ಲದ ನಾಯಿ ಇಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಅವರನ್ನೇ ಕರೆದುಕೊಂಡು ಹೋಗಿ, ಮರಿಯ ಜೊತೆ ಅರ್ಧ ಗಂಟೆ ಕೂರಿಸಿ. ಎರಡು ಸಲ ಕೂರಿಸಿದರೆ ಇನ್ನೂ ಒಳ್ಳೆಯದು.

ನಲವತ್ತೈದು ದಿನದ ಲೆಕ್ಕ

ಬೆಂಗಳೂರಿನಲ್ಲಿ ಮರಿ ಮಾರುವವರ ಬಾಯಲ್ಲಿ ಒಂದು ಸಂಖ್ಯೆ ಬೇರೂರಿದೆ: ‘ನಲವತ್ತೈದು ದಿನದ ಮರಿ ಸಾರ್.’ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿ ಸಾಕಿ ಮಾರುವವರಿಗಾಗಿ ನಿಯಮ ತಂದಿತು. ಅದರ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ 56 ದಿನ. ನಡುವಿನ ಹನ್ನೊಂದು ದಿನ ಏನು ಮಹಾ ಅನ್ನಿಸಬಹುದು. ಆ ದಿನಗಳಲ್ಲೇ ಮರಿ ತನ್ನ ಒಡಹುಟ್ಟಿದವರ ಜೊತೆ ಕಚ್ಚಾಡಿ, ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಪಾಠ ಕಲಿಯುತ್ತದೆ. ಬೇಗ ಕಿತ್ತು ತಂದ ಮರಿ ಆ ಪಾಠವನ್ನು ನಿಮ್ಮ ಮಗುವಿನ ಕೈಮೇಲೆ ಕಲಿಯುತ್ತದೆ. ಮಾರುವವರಿಗೆ ಮಾತ್ರ ಹನ್ನೊಂದು ದಿನದ ಊಟ, ಒಂದು ಇಂಜೆಕ್ಷನ್, ನೆಲ ಒರೆಸುವ ಕೆಲಸ ಉಳಿಯುತ್ತದೆ.

ವಯಸ್ಸು ಸುಳ್ಳು ಹೇಳಿದ್ದಾರೋ ಎಂದು ನೋಡಲು ಬಾಯಿ ತೆರೆಸಿ. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳೂ ಸಾಮಾನ್ಯವಾಗಿ ಮೂಡಿರುತ್ತವೆ. ಮುಂದಿನ ಹಲ್ಲು ಮಾತ್ರ ಕಾಣುತ್ತಿದ್ದು ಹಿಂದಿನ ವಸಡು ಬೋಳಾಗಿದ್ದರೆ ಆ ಮರಿ ಇನ್ನೂ ತಾಯಿಯ ಹತ್ತಿರ ಇರಬೇಕಾದದ್ದು. ಮುಂಗಡ ಕೊಡಿ, ಎರಡು ವಾರ ಬಿಟ್ಟು ಬರುತ್ತೇವೆ ಅನ್ನಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಅದೇ ನಿಯಮಗಳಲ್ಲಿ ಇನ್ನೂ ಕೆಲವು ಮಾತುಗಳಿವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಹೆಣ್ಣುನಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು. ಮನೆಯಲ್ಲಿ ಮಾಡಿದರೂ ವ್ಯಾಪಾರ ವ್ಯಾಪಾರವೇ. ನೋಂದಣಿ ಇದೆಯಾ ಅಂತ ಕೇಳುವುದು ಅಸಭ್ಯವಲ್ಲ. ಕೇಳಿದಾಗ ಎದುರಿನವರ ಮುಖ ಹೇಗಾಗುತ್ತದೆ ಅನ್ನುವುದೂ ಒಂದು ಉತ್ತರ.

ಮನೆಗೆ ಹೋದಾಗ

‘ಮನೆ ಬ್ರೀಡರ್’ ಅನ್ನುವ ಒಂದೇ ಹೆಸರಿನಡಿ ಮೂರು ಥರದವರಿದ್ದಾರೆ. ಮೊದಲನೆಯವರ ಹೆಣ್ಣು ಲ್ಯಾಬ್ ಬಿಟಿಎಂ ಲೇಔಟಿನ ಯಾವುದೋ ಸಂಜೆ ಗೇಟು ತೆರೆದಿದ್ದಾಗ ಬೀದಿಯ ಗೆಳೆಯನನ್ನು ಹುಡುಕಿಕೊಂಡಿತು. ಸುಮಾರು 63 ದಿನಕ್ಕೆ ಮನೆತುಂಬ ಮರಿ. ಇವರು ದುಡ್ಡು ಕೇಳುವುದಿಲ್ಲ, ಕೇಳಿದರೂ ಇಂಜೆಕ್ಷನ್ ಖರ್ಚಷ್ಟೇ. ನನ್ನ ಲೆಕ್ಕದಲ್ಲಿ ಮರಿ ತರಲು ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಎರಡನೆಯವರು ಒಂದೋ ಎರಡೋ ನಾಯಿ ಸಾಕಿಕೊಂಡು ಆಗಾಗ ಮರಿ ಮಾಡಿಸಿ ಮಾರುತ್ತಾರೆ. ಇವರಲ್ಲಿ ಒಳ್ಳೆಯವರೂ ಇದ್ದಾರೆ, ನಾಯಿಯನ್ನು ಹಿಂಡಿ ಹಿಪ್ಪೆ ಮಾಡುವವರೂ ಇದ್ದಾರೆ. ಮೂರನೆಯವರದು ಮನೆಯೇ ಅಲ್ಲ, ಗೋದಾಮು. ಎಲ್ಲಿಂದಲೋ ತಂದ ಮರಿಗಳನ್ನು ಡ್ರಾಯಿಂಗ್ ರೂಮಿನಲ್ಲಿ ಇಟ್ಟು ‘ನಮ್ಮನೇದೇ’ ಅನ್ನುತ್ತಾರೆ. 2022ರ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡು ಬಂದವರಲ್ಲಿ ಹಲವರು ಮರುವಾರವೇ ಲ್ಯಾಬ್ ಮರಿ ಹುಡುಕಿಕೊಂಡು ಹೊರಟರು. ಆ ಚಿತ್ರದ ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಇಂಥ ಮೂರನೆಯವರ ಕೈಯಿಂದ ಎನ್ನುವುದನ್ನು ಥಿಯೇಟರಿನಲ್ಲೇ ಬಿಟ್ಟು ಬಂದಿದ್ದರೇನೋ.

ಮೂರನೆಯವರನ್ನು ಗುರುತಿಸುವುದು ಸುಲಭ. ತಾಯಿ ಎಲ್ಲಿ ಅಂತ ಕೇಳಿ. ‘ಊರಲ್ಲಿ ಬಿಟ್ಟಿದೀವಿ’, ‘ಹೊಸಬರನ್ನ ಕಂಡ್ರೆ ಕಚ್ಚುತ್ತೆ ಮೇಡಂ, ಒಳಗೆ ಕಟ್ಟಿದೀವಿ’, ‘ಡಾಕ್ಟ್ರ ಹತ್ರ ಹೋಗಿದೆ’, ಈ ಮೂರರಲ್ಲಿ ಯಾವ ಉತ್ತರ ಬಂದರೂ ಚಪ್ಪಲಿ ಹಾಕಿಕೊಳ್ಳಿ. ತಾಯಿ ನಿಜವಾಗಿ ಕಚ್ಚುವ ನಾಯಿಯಾಗಿದ್ದರೂ ಆ ಮರಿ ನಿಮಗೆ ಬೇಡ. ಅಂಜಿಕೆ, ಸಿಟ್ಟು ರಕ್ತದಲ್ಲೂ ಬರುತ್ತವೆ, ತಾಯಿಯನ್ನು ನೋಡಿ ಮರಿ ಕಲಿಯುವುದೂ ಉಂಟು. ಒಂದೇ ಮನೆಯಲ್ಲಿ ನಾಲ್ಕೈದು ತಳಿಯ ಮರಿಗಳಿದ್ದರೆ, ‘ನೀವು ಬರೋದು ಬೇಡ, ನಾವೇ ಸಿಲ್ಕ್ ಬೋರ್ಡ್ ಹತ್ರ ತಂದು ಕೊಡ್ತೀವಿ’ ಅಂದರೆ, ನೋಡುವ ಮೊದಲೇ ಆನ್‌ಲೈನಿನಲ್ಲಿ ಪೂರ್ತಿ ಹಣ ಕೇಳಿದರೆ, ಮಾತು ಅಲ್ಲಿಗೇ ಮುಗಿಸಿ.

ಇನ್ನು ತಾಯಿ ಎದುರಿಗಿದ್ದಾಳೆ ಅಂದುಕೊಳ್ಳಿ. ಹಾಲೂಡಿದ ತಾಯಿ ಸ್ವಲ್ಪ ಬಡವಾಗಿರುತ್ತದೆ, ಕೂದಲೂ ಉದುರಿರುತ್ತದೆ. ಅದಕ್ಕೆ ಗಾಬರಿ ಬೇಡ. ಪಕ್ಕೆಲುಬು ಎಣಿಸುವಂತಿದ್ದು, ಮೈಮೇಲೆ ಗಾಯಗಳಿದ್ದು, ಮನೆಯವರು ಕೈಯೆತ್ತಿದರೆ ಕುಗ್ಗಿ ಕೂತರೆ ಅದು ಬೇರೆ ಕಥೆ. ಆರೋಗ್ಯವಾಗಿರುವ ನಾಯಿ ಹೊಸಬರನ್ನು ಕಂಡು ಒಂದೆರಡು ಸಲ ಬೊಗಳಿ, ಮನೆಯವರು ‘ಏ ಸುಮ್ನಿರೇ’ ಅಂದ ಮೇಲೆ ಬಂದು ಮೂಸುತ್ತದೆ. ಅದರ ಎತ್ತರ, ತೂಕ, ಕೂದಲು ನೋಡಿಕೊಳ್ಳಿ. ಮರಿಯ ಪಾದ ದಪ್ಪಗಿದ್ದರೆ ದೊಡ್ಡ ನಾಯಿಯಾಗುತ್ತದೆ ಅನ್ನುವುದು ಅಷ್ಟೇನೂ ನಂಬುವಂಥ ಲೆಕ್ಕವಲ್ಲ. ನಡುಗಾತ್ರದ ನಾಯಿಗಳು ನಾಲ್ಕು ತಿಂಗಳಿಗೆ ಹೆಚ್ಚು ಕಡಿಮೆ ಪೂರ್ತಿ ತೂಕದ ಅರ್ಧ ತೂಗುತ್ತವೆ, ಅಲ್ಲಿಯವರೆಗೆ ತಾಯಿಯೇ ಅಳತೆಗೋಲು.

ಆಮೇಲೆ ಮರಿ ಎಲ್ಲಿ ಬೆಳೆಯುತ್ತಿದೆ ನೋಡಿ. ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ದಿನಗಳು ನಾಯಿಯ ಇಡೀ ಬದುಕನ್ನು ತಿದ್ದುತ್ತವೆ. ಆಗ ಕಂಡ, ಕೇಳಿದ, ಮುಟ್ಟಿದ ಸಂಗತಿಗಳಿಗೆ ಅದು ಮುಂದೆ ಹೆದರುವುದು ಕಡಿಮೆ. ಅಡುಗೆಮನೆಯ ಪಕ್ಕ ಕುಕ್ಕರ್ ಕೂಗು, ಮಿಕ್ಸಿ ಸದ್ದು, ಸುಪ್ರಭಾತ, ಕೆಲಸದವರ ಓಡಾಟ ಎಲ್ಲದರ ನಡುವೆ ಬೆಳೆದ ಮರಿಗೂ ಮಹಡಿಯ ಮೇಲಿನ ತಗಡಿನ ಶೆಡ್ಡಿನಲ್ಲಿ ಒಂಟಿಯಾಗಿ ಬೆಳೆದ ಮರಿಗೂ ಅಜಗಜಾಂತರ. ಮನೆ ಬ್ರೀಡರಿಗೆ ನೀವು ದುಡ್ಡು ಕೊಡುವುದಾದರೆ ಈ ಕುಕ್ಕರ್ ಕೂಗಿಗೆ ಕೊಡಿ.

ಮರಿ ಆರಿಸುವ ವಿಧಾನ ಹೇಳುತ್ತೇನೆ. ಊಟವಾದ ತಕ್ಷಣ ಹೋಗಬೇಡಿ, ಎಲ್ಲ ಮಲಗಿರುತ್ತವೆ. ನೆಲದ ಮೇಲೆ ಸುಮ್ಮನೆ ಕೂತುಕೊಳ್ಳಿ. ಓಡಿಬಂದು ಮೈಮೇಲೆ ಹತ್ತುವ ಮರಿ ಎಲ್ಲರಿಗೂ ಇಷ್ಟವಾಗುತ್ತದೆ, ಅದೇ ಮುಂದೆ ಮನೆಯ ಸೋಫಾ ಹರಿಯುವುದು. ಮೂಲೆ ಸೇರಿ ಬರಲೊಪ್ಪದ ಮರಿಯನ್ನು ‘ಅಯ್ಯೋ ಪಾಪ’ ಅಂತ ತರುವವರಿಗೆ ವರ್ಷಗಟ್ಟಲೆ ತಾಳ್ಮೆ ಬೇಕು. ಮೊದಲ ಸಲ ನಾಯಿ ಸಾಕುವವರಿಗೆ ಇವೆರಡರ ನಡುವಿನ ಮರಿ ಸಾಕು. ಬೀಗದ ಕೈ ಗೊಂಚಲನ್ನು ಸ್ವಲ್ಪ ದೂರದಲ್ಲಿ ಬೀಳಿಸಿ. ಬೆಚ್ಚಿ, ಮತ್ತೆ ಬಂದು ಮೂಸಿ ನೋಡುವ ಮರಿ ಚೆನ್ನ. ಒಂದು ಭೇಟಿಯಲ್ಲಿ ತೀರ್ಮಾನಿಸಬೇಡಿ, ಇನ್ನೊಂದು ದಿನ ಹೋಗಿ. ಮೊದಲ ದಿನ ಚಿಗರೆಯಂತೆ ಜಿಗಿದದ್ದು ಎರಡನೇ ದಿನ ಮಂಕಾಗಿದ್ದರೆ ಏನೋ ಇದೆ.

ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಕಿವಿಯಲ್ಲಿ ವಾಸನೆ, ಬಾಲದ ಕೆಳಗೆ ಅಂಟಿದ ಭೇದಿಯ ಗುರುತು ಇರಕೂಡದು. ವಸಡು ಒತ್ತಿಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ವಸಡು ಬಿಳಿಚಿಕೊಂಡಿದ್ದರೆ ಜಂತುಹುಳ ಅಥವಾ ಉಣ್ಣೆ ರಕ್ತ ಹೀರಿರಬಹುದು. ಮೈ ಸಣಕಲಾಗಿ ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಅದು ಪುಷ್ಟಿಯಲ್ಲ, ಹುಳ. ಹೊಕ್ಕುಳಲ್ಲಿ ಮೆತ್ತನೆ ಗಂಟಿದ್ದರೆ ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಪಗ್, ಶಿಟ್ಜು ಕ್ರಾಸುಗಳಾದರೆ ಮರಿ ಮಲಗಿದಾಗ ಉಸಿರಾಟ ಕೇಳಿ. ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ನೋಡಿ ನಮ್ಮೂರಿಗೆ ಬಂದ ಆ ಚಪ್ಪಟೆ ಮೂಗಿನ ನಾಯಿಗಳು ಗೊರಕೆ ಹೊಡೆಯುವುದು ಮುದ್ದಿಗಲ್ಲ, ಗಾಳಿ ಸಾಲದೆ.

ಕಾಗದ, ದುಡ್ಡು

ಲಸಿಕೆ ಪುಸ್ತಕದಲ್ಲಿ ಬಾಟಲಿಯಿಂದ ಕಿತ್ತ ಚೀಟಿ ಅಂಟಿಸಿರಬೇಕು, ದಿನಾಂಕ ಇರಬೇಕು, ವೈದ್ಯರ ಸಹಿ ಮತ್ತು ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಪೆನ್ನಿನಲ್ಲಿ ‘ಫಸ್ಟ್ ಡೋಸ್ ಓಕೆ’ ಅಂತ ಬರೆದ ಪುಸ್ತಕ ರದ್ದಿಗೆ ಸಮ. ಮೊದಲ ಇಂಜೆಕ್ಷನ್ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದು, 16 ವಾರದವರೆಗೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ತಾಯಿಗೆ ರೇಬೀಸ್ ಲಸಿಕೆ ಆಗಿದೆಯೇ ಎಂದು ಕೇಳಲೇಬೇಕು. ಮರಿ ಕಚ್ಚಿದರೆ ರೇಬೀಸ್ ಬರುವುದಿಲ್ಲ ಎಂಬುದು ಪ್ರಾಣ ತೆಗೆಯುವ ತಪ್ಪು ತಿಳಿವಳಿಕೆ. ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಹಣ ಫೋನಿನಲ್ಲೇ ಕಳಿಸಿ, ದಾಖಲೆ ಉಳಿಯುತ್ತದೆ. ಒಂದು ಬಿಳಿ ಹಾಳೆಯಲ್ಲಿ ಮರಿಯ ಬಣ್ಣ, ಹುಟ್ಟಿದ ದಿನ, ಕೊಟ್ಟ ಮೊತ್ತ, ವೈದ್ಯರು ಎರಡು ದಿನದಲ್ಲಿ ದೋಷ ಕಂಡರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಒಂದು ಸಾಲು ಬರೆಸಿಕೊಳ್ಳಿ. ‘ಕೆಸಿಐ ಪೇಪರ್ ಇದೆ’ ಅನ್ನುತ್ತಾ ಕ್ರಾಸ್ ಮರಿಗೆ ಹೆಚ್ಚು ಕೇಳಿದರೆ ನಕ್ಕುಬಿಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಶುದ್ಧ ತಳಿಗಳಿಗೆ. ಒಳ್ಳೆಯ ಮನೆಯವರು ನಿಮ್ಮನ್ನೂ ಪ್ರಶ್ನಿಸುತ್ತಾರೆ. ಮನೆಯಲ್ಲಿ ಹಗಲು ಯಾರಿರುತ್ತಾರೆ, ಬಾಡಿಗೆಯೋ ಸ್ವಂತವೋ, ಓನರ್ ಒಪ್ಪಿದ್ದಾರೋ ಅಂತ. ಸಂಬಂಧ ಕೇಳಲು ಬಂದವರಂತೆ ವಿಚಾರಿಸುವವರ ಮೇಲೆ ಬೇಸರ ಬೇಡ.

ಓನರ್ ವಿಷಯ ಬಿಟಿಎಂನಂಥ ಬಾಡಿಗೆ ಮನೆಗಳ ಬಡಾವಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಹನ್ನೊಂದು ತಿಂಗಳ ಕರಾರು ಮುಗಿದಾಗ ಯಾವ ಸುತ್ತೋಲೆಯೂ ಬಾಡಿಗೆದಾರನನ್ನು ಕಾಯುವುದಿಲ್ಲ. ಕರಾರಿನಲ್ಲಿ ನಾಯಿಯ ಮಾತು ಬರೆಸಿಕೊಂಡೇ ಮರಿ ತನ್ನಿ. ರಾಟ್‌ವೈಲರ್, ಪಿಟ್‌ಬುಲ್ ಕ್ರಾಸ್ ಬೇಕೆನ್ನುವವರಿಗೆ ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನೂ ಅವುಗಳ ಕ್ರಾಸುಗಳನ್ನೂ ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಸುತ್ತೋಲೆ ಹೋಯಿತು, ಪಕ್ಕದ ಫ್ಲಾಟಿನವರ ಭಯ ಹೋಗಿಲ್ಲ. ಮುಧೋಳ ಕ್ರಾಸ್ ಇಷ್ಟಪಡುವವರು, ಅದು ಬಯಲಿನಲ್ಲಿ ಓಡಲು ಹುಟ್ಟಿದ ನಾಯಿ, ಜೆ.ಪಿ. ನಗರದ ಎರಡು ಬೆಡ್‌ರೂಮಿನಲ್ಲಿ ಅದಕ್ಕೆ ಓಟ ಎಲ್ಲಿಂದ ತರುತ್ತೀರಿ ಎಂದು ಯೋಚಿಸಿ. ಹಸ್ಕಿ ಕ್ರಾಸ್ ಬಗ್ಗೆ ನಾನು ಹೇಳುವುದು ಒಂದೇ ಮಾತು: ಬೇಡ.

ದುಡ್ಡು ಕೊಟ್ಟೇ ತರಬೇಕೆಂದೇನೂ ಇಲ್ಲ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಆರಂಭಿಸಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ಬೀದಿಯ ಮರಿಗಳ ಜೊತೆ, ‘ಲ್ಯಾಬ್ ಕ್ರಾಸ್’ ಅಂತ ಕೊಂಡು ಬೆಳೆದ ಮೇಲೆ ಬೇಡವಾದ ನಾಯಿಗಳೂ ಕಾದಿರುತ್ತವೆ. ಬೆಳೆದ ನಾಯಿಯಲ್ಲಿ ಒಂದು ಅನುಕೂಲ: ಎಷ್ಟು ದೊಡ್ಡದಾಗುತ್ತದೆ ಎಂದು ಯಾರನ್ನೂ ಕೇಳಬೇಕಿಲ್ಲ.

ತಂದ ಮೇಲೆ

ದೀಪಾವಳಿಯ ಹಿಂದು ಮುಂದಿನ ವಾರ ಮರಿ ತರಬೇಡಿ; ಎಂಟು ಹತ್ತು ವಾರದಲ್ಲಿ ಕೂತ ಪಟಾಕಿ ಭಯ ಜೀವಮಾನವಿಡೀ ಹೋಗದಿರಬಹುದು. ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಡಿ. ಹೊಸ ಮರಿಗೆ ಲೋಟಗಟ್ಟಲೆ ಹಸುವಿನ ಹಾಲು ಕುಡಿಸಿ ಭೇದಿ ಬರಿಸುವುದು ನಮ್ಮ ಮನೆಗಳ ಹಳೇ ಅಭ್ಯಾಸ. ಹಾಲು ನಿಲ್ಲಿಸಿದ ಮೇಲೂ ಭೇದಿ, ವಾಂತಿ, ಮಂಕು ಒಟ್ಟಿಗೆ ಕಂಡರೆ ಒಂದು ರಾತ್ರಿಯನ್ನೂ ಕಾಯಬೇಡಿ. ಅದು ಪಾರ್ವೊ ಇರಬಹುದು. 1978ರಲ್ಲಿ ಪತ್ತೆಯಾದ ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿಯೂ ಬರುತ್ತದೆ. ಈ ಹಿಂದೆ ಪಾರ್ವೊದಿಂದ ಮರಿ ಕಳೆದುಕೊಂಡ ಮನೆಯಾದರೆ ನೆಲವನ್ನು ಬ್ಲೀಚಿನ ನೀರಿನಲ್ಲಿ ತೊಳೆಯದೆ ಇನ್ನೊಂದನ್ನು ತರಬೇಡಿ. ಫಿನಾಯಿಲ್ ಸಾಲದು, ಮರಿಗಳಿಗೆ ಅದು ವಿಷವೂ ಹೌದು. ಉಣ್ಣೆಗೆ ಮದ್ದನ್ನು ವೈದ್ಯರೇ ತೂಕ ನೋಡಿ ಹೇಳಲಿ. ಬೆಂಗಳೂರಿನ ಉಣ್ಣೆಗಳು ಟಿಕ್ ಫೀವರ್ ಹೊತ್ತು ತಿರುಗುತ್ತವೆ. ಸಂತಾನಹರಣದ ಆಪರೇಷನ್ ಯಾವಾಗ ಎಂದು ಮೊದಲ ಭೇಟಿಯಲ್ಲೇ ಕೇಳಿಡಿ, ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ನೀವೇ ಯಾರಿಗೋ ಮರಿಯ ಫೋಟೊ ಕಳಿಸುತ್ತಿರುತ್ತೀರಿ.

ಕೊನೆಯ ಇಂಜೆಕ್ಷನ್ ಆಗಿ ಎರಡು ವಾರ ಕಳೆಯುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಇಳಿಸಬೇಡಿ. ಮನೆಯೊಳಗೇ ಕೂಡಿಹಾಕಲೂ ಬೇಡಿ; ಎತ್ತಿಕೊಂಡೇ ಬಸ್ಸು, ಆಟೊ, ಹೂ ಮಾರುವವರ ಕೂಗು ಎಲ್ಲ ತೋರಿಸಿ, ಕೇಳಿಸಿ. ಜಯನಗರದವರು ಲಕ್ಷ್ಮಣ ರಾವ್ ಉದ್ಯಾನಕ್ಕೆ ಮರಿಯನ್ನು ನಡೆಸಿಕೊಂಡು ಹೋಗಲು ಆತುರಪಡುತ್ತಾರೆ. ಮೆಟ್ರೊ ಬಂದಾಗ ಅಲ್ಲಿಯ ಒಂದಿಷ್ಟು ಮರ ಹೋದವು, ಮಿಕ್ಕವು ನಿಮ್ಮ ಮರಿಗೆ ನಾಲ್ಕು ತಿಂಗಳು ತುಂಬಿದ ಮೇಲೂ ಅಲ್ಲೇ ಇರುತ್ತವೆ.